ತಾವರೆ ಹೊಂಡದಲ್ಲಿ ದಾರದಂಥ ಪಾಚಿ, ಎಲೆ ಮೇಲೇಳುತ್ತಿಲ್ಲ

ಹೊಂಡದಮನೆ: ನಮಸ್ಕಾರ. ಹೂವಿಗೆ ಅಂತ ತಾವರೆ ಹಾಕಿದ್ದೇನೆ. ಮಣ್ಣಿನ ಹೊಂಡ, ಎರಡಡಿ ಮಳೆನೀರು. ಗೆಡ್ಡೆ ನೆಟ್ಟು ಐದು ವಾರ ಆಯಿತು. ತೇಲುವ ಎಲೆ ಆರೇಳು ಬಂದವು, ಅಷ್ಟರಲ್ಲಿ ಹಸಿರು ದಾರದಂಥ ಪಾಚಿ ಸುತ್ತಿಕೊಂಡಿತು. ಹೊಸ ಎಲೆ ಸುರುಳಿ ಬಿಚ್ಚುವ ಮೊದಲೇ ಕೊಳೆಯುತ್ತಿದೆ. ಬೆಳಿಗ್ಗೆ ನೋಡಿದರೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ.

ಅಡಿಕೆತೋಟ: ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಉಳಿದಿದ್ದರೆ ಸ್ವಲ್ಪ ಹಾಕಿ. ನಮ್ಮ ಸಿಮೆಂಟ್ ತೊಟ್ಟಿ ಎರಡೇ ದಿನಕ್ಕೆ ಕ್ಲೀನ್ ಆಯಿತು.

ಕೆರೆಬದಿ: ದಯವಿಟ್ಟು ಬೇಡ. ನಿಮ್ಮ ತೊಟ್ಟಿಯಲ್ಲಿ ಮೀನಿಲ್ಲ ಅಲ್ವಾ? ಮಳೆನೀರಲ್ಲಿ ಸುಣ್ಣದ ಅಂಶ ಕಡಿಮೆ, ಅಂಥ ನೀರಲ್ಲಿ ತಾಮ್ರ ಮೀನಿಗೆ ಇನ್ನೂ ಜಾಸ್ತಿ ವಿಷ. ಪಾಚಿ ಒಟ್ಟಿಗೇ ಸತ್ತರೆ ಕೊಳೆಯುವಾಗ ಆಮ್ಲಜನಕವೂ ಖಾಲಿ. ಈಗಲೇ ರಾತ್ರಿಯಿಡೀ ಪಾಚಿ ಉಸಿರಾಡಿ ಅದನ್ನು ಮುಗಿಸುತ್ತಿದೆ, ಬೆಳಗಿನ ಜಾವ ಮೀನು ಮೇಲೆ ಬರುವುದು ಅದಕ್ಕೇ. ಗೊಬ್ಬರ ಏನು ಹಾಕಿದಿರಿ?

ಹೊಂಡದಮನೆ: ಹಸಿ ಸಗಣಿ ಐದಾರು ಬುಟ್ಟಿ. ಆಮೇಲೆ ಎಲೆ ಹಳದಿ ಆಯಿತು ಅಂತ ಡಿಎಪಿ ರಸಗೊಬ್ಬರ ಎರಚಿದೆ.

ಕೆರೆಬದಿ: ಅಲ್ಲೇ ಇರುವುದು ಎಡವಟ್ಟು. ತಾವರೆಯ ಬೇರು ಕೆಸರಲ್ಲಿದೆ, ನೀರಿಗೆ ಎರಚಿದ್ದೆಲ್ಲ ಪಾಚಿಯ ತಟ್ಟೆಗೆ ಬಿತ್ತು. ಸದ್ಯ ಗೊಬ್ಬರ ನಿಲ್ಲಿಸಿ. ಕವಲು ಕೋಲಿಗೆ ಪಾಚಿ ಸುತ್ತಿ ಎಳೆಯಿರಿ. ದಡದಿಂದ ಶುರು ಮಾಡಿ, ಎಳೆ ಎಲೆಗಳ ಸುತ್ತ ಮಾತ್ರ ಕೈಯಿಂದ ಬಿಡಿಸಿ. ದಂಟು ಮುರಿದರೆ ಕಷ್ಟ. ನೀರಿನಿಂದ ಮೇಲೆದ್ದು ನಿಲ್ಲುವ ಎಲೆ ನಾಲ್ಕೈದು ಬಂದ ಮೇಲೆ ಡಿಎಪಿಯನ್ನು ಸ್ವಲ್ಪ ಸ್ವಲ್ಪವೇ ಮಣ್ಣುಂಡೆಯೊಳಗೆ ಇಟ್ಟು, ಚಿಗುರಿನಿಂದ ಒಂದು ಗೇಣು ದೂರ ಕೆಸರಿಗೆ ಒತ್ತಿ. ಎಲೆ ಅರ್ಧಕ್ಕಿಂತ ಹೆಚ್ಚು ನೀರು ಮುಚ್ಚಿತು ಅಂದರೆ ಬಿಸಿಲು ಸಿಗದೆ ಪಾಚಿ ತಾನೇ ಸೊರಗುತ್ತದೆ. ಯಾರಾದರೂ ಪಾಚಿ ತಿನ್ನಲಿ ಅಂತ ಹುಲ್ಲುಗೆಂಡೆ ಮೀನು ಬಿಡಿ ಅಂದರೆ ಕೇಳಬೇಡಿ, ಅದಕ್ಕೆ ತಾವರೆಯ ಚಿಗುರೂ ಹುಲ್ಲೇ!

ಅಡಿಕೆತೋಟ: ಸರಿ, ತೊಟ್ಟಿ ಬೇರೆ ಹೊಂಡ ಬೇರೆ. ನನ್ನ ಮಾತು ವಾಪಸ್.

ಹೊಂಡದಮನೆ: ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಂಟು ಬುಟ್ಟಿ ಪಾಚಿ ತೆಗೆದೆ, ಸೊಂಟ ಹೋಯಿತು. ಮೂರು ಎಲೆ ಎದ್ದು ನಿಂತಿವೆ. ಮೂಲೆಯಲ್ಲಿ ಇನ್ನೂ ಪಾಚಿ ಇದೆ, ಆದರೆ ಮೀನು ಮೇಲೆ ಬರುತ್ತಿಲ್ಲ. ತೆಗೆದ ಪಾಚಿ ಏರಿ ಮೇಲೆ ರಾಶಿ ಬಿದ್ದಿದೆ, ತೆಂಗಿನ ಬುಡಕ್ಕೆ ಹಾಕಬಹುದಾ?

ಕೆರೆಬದಿ: ಧಾರಾಳವಾಗಿ ಹಾಕಿ. ಇವತ್ತೇ ಸಾಗಿಸಿ, ಮಳೆ ಬಂದರೆ ಆ ರಾಶಿಯ ಸಾರವೆಲ್ಲ ಮತ್ತೆ ಹೊಂಡಕ್ಕೇ ಇಳಿಯುತ್ತದೆ.