ಎರಡು ಸಲ ಮದ್ದು ಬಿಟ್ಟರೂ ಮಹಾಳಿ ಬಂತು: ಎಲ್ಲಿ ತಪ್ಪಿದೆ?

ಪೆರ್ಲದಿಂದ, ಕೇಳಿದವನು:
ಅಪ್ಪನ ಕಾಲದ ಮುನ್ನೂರು ಅಡಿಕೆ ಮರಗಳನ್ನು ಎರಡು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಎರಡು ಸಲ ಬೋರ್ಡೋ (ತಾಮ್ರವಿರುವ ಮೈಲುತುತ್ತು ಮತ್ತು ಸುಣ್ಣದ ಪಾಕ) ಬಿಡಿಸಿದ್ದೆ. ಆದರೂ ಆಟಿಯಲ್ಲಿ (ಜುಲೈ-ಆಗಸ್ಟ್) ಮಹಾಳಿ, ಅಂದರೆ ಕಾಯಿ ಕೊಳೆಯುವ ರೋಗ ಬಂದು ಅರ್ಧದಷ್ಟು ಎಳೆಕಾಯಿ ಉದುರಿತು. ಅದೇ ಹೊತ್ತಿಗೆ ಇಪ್ಪತ್ತು ಮೆಣಸಿನ ಬಳ್ಳಿಗಳು ಸೊರಗಿ ಸತ್ತವು. ತಪ್ಪು ಮದ್ದಿನದೋ, ನನ್ನದೋ? ರೋಗ ಬಾರದ ತಳಿ ಇದೆಯೇ?

ಮುಳ್ಳೇರಿಯದಿಂದ, ಹಳೆಯ ತೋಟಗಾರ:
ತಮ್ಮಾ, ಮೊದಲ ಮದ್ದು ಬಿಟ್ಟದ್ದು ಯಾವಾಗ ಎಂಬುದನ್ನೇ ನೀನು ಬರೆದಿಲ್ಲ. ಜೂನ್ ಮುಗಿಯುವಾಗ ಇರಬೇಕು. ಮರ ಹತ್ತುವವರು ನಮಗೆ ಸಿಗುವುದೇ ಆಗ. ಬೋರ್ಡೋ ರೋಗ ಗುಣಪಡಿಸುವ ಮದ್ದಲ್ಲ, ಕಾಯಿಗೆ ಹಾಕುವ ಬೇಲಿ. ರೋಗಾಣು ಒಳಹೊಕ್ಕ ಮೇಲೆ ಹೊರಗೆಷ್ಟು ತಾಮ್ರ ಬಳಿದರೂ ಅದಕ್ಕೆ ತಾಗುವುದಿಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಮತ್ತೊಂದು ಸಲ, ಮಳೆ ಎಳೆದರೆ ಮೂರನೆಯದು.

ಇನ್ನು ಪಾಕ. ಒಂದು ಕೆಜಿ ಮೈಲುತುತ್ತಿಗೆ 50 ಲೀಟರ್ ನೀರು, ಒಂದು ಕೆಜಿ ಸುಣ್ಣಕ್ಕೆ 50 ಲೀಟರ್. ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಬೇಕು, ಸುಣ್ಣವನ್ನು ತುತ್ತಿಗಲ್ಲ. ಆಮೇಲೆ ಹೊಳೆಯುವ ಕತ್ತಿಯನ್ನು ಅದ್ದಿ ನೋಡು. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು, ಹಾಗೆಯೇ ಬಿಟ್ಟರೆ ಹಿಂಗಾರ (ಅಡಿಕೆಯ ಹೂಗೊಂಚಲು) ಸುಡುತ್ತದೆ. ಒಂದು ವರ್ಷ ನನಗೆ ಸಿಕ್ಕಿದ ಸುಣ್ಣ ಗಾಳಿ ತಾಗಿ ಸತ್ತುಹೋಗಿತ್ತು. ತೂಕ ಸರಿಯಿತ್ತು, ಕತ್ತಿ ಮಾತ್ರ ಕೆಂಪಾಯಿತು. ಅಂದಿನಿಂದ ನನಗೆ ತಕ್ಕಡಿಯ ಮೇಲೆ ಅಷ್ಟೇನೂ ಭರವಸೆ ಇಲ್ಲ.

ಬದಿಯಡ್ಕದಿಂದ, ಸಸ್ಯಶಾಸ್ತ್ರ ಕಲಿಸುವವಳು:
ಬೇಲಿ ಹಾರುವವರು ಯಾರೆಂದೂ ತಿಳಿದಿರಲಿ. ಮಹಾಳಿಗೂ ಮೆಣಸಿನ ಸೊರಗು ರೋಗಕ್ಕೂ ಕಾರಣ ಫೈಟೋಫ್ತೊರಾ, ಜಾತಿ ಮಾತ್ರ ಬೇರೆ ಬೇರೆ. ಇದನ್ನು ಶಿಲೀಂಧ್ರವೆಂದೇ ನಾವೆಲ್ಲ ಕರೆಯುತ್ತೇವೆ. ವಂಶದಲ್ಲಿ ಮಾತ್ರ ಇದು ಅಣಬೆಗಳ ಬಳಗವಲ್ಲ, ಕಂದು ಪಾಚಿಗಳ ದೂರದ ನೆಂಟ. ಇದರ ಬೀಜಾಣುಗಳಿಗೆ ಎರಡೆರಡು ಬಾಲಗಳಿವೆ, ಅವು ಈಜುತ್ತವೆ. ಕಾಯಿಯ ತೊಟ್ಟಿನಲ್ಲಿ ನಿಂತ ಮಳೆಹನಿಯೇ ಅವಕ್ಕೆ ಕೆರೆ. ಸಿಪ್ಪೆ ತಾಗಿದ ಕೂಡಲೇ ಬಾಲ ಕಳಚಿ, ಗುಂಡಗಾಗಿ ಅಂಟಿಕೊಂಡು, ಮೊಳೆತು ಒಳಗೆ ತೂರುತ್ತವೆ. ತಾಮ್ರ ಕೊಲ್ಲುವುದು ತೂರುವ ಮೊದಲಿನ ಈ ಗಳಿಗೆಯಲ್ಲಿ. ಆದ್ದರಿಂದಲೇ ಅಣ್ಣ ತಾರೀಖು ಕೇಳಿದ್ದು.

ಗಿಡವೂ ಕೈಕಟ್ಟಿ ಕೂರುವುದಿಲ್ಲ. ಮೇಣದ ಹೊದಿಕೆ ದಾಟಿ ಬಂದವನನ್ನು ಗುರುತಿಸಿದರೆ ಕೋಶಭಿತ್ತಿಯನ್ನು ದಪ್ಪ ಮಾಡುತ್ತದೆ, ವಿಷವಸ್ತುಗಳನ್ನು ತಯಾರಿಸುತ್ತದೆ. ಕೆಲವೊಮ್ಮೆ ದಾಳಿಗೊಳಗಾದ ಕೋಶ ತಾನೇ ಸತ್ತು ರೋಗಾಣುವಿನ ದಾರಿ ಮುಚ್ಚುತ್ತದೆ. ಸೋಲುವ ಗಿಡದಲ್ಲಿಯೂ ಈ ಆಯುಧಗಳು ಬಹುತೇಕ ಇರುತ್ತವೆ, ಹೊರಗೆ ಬರುವಾಗ ಹೊತ್ತು ಮೀರಿರುತ್ತದೆ. ಅಡಿಕೆಯಲ್ಲಿ ಮಂಗಳ, ಮೋಹಿತ್‌ನಗರದಂತಹ ತಳಿಗಳು ಇಳುವರಿಗೆ ಒಳ್ಳೆಯವು. ಮಹಾಳಿ ಬಾರದ್ದು ಎಂದು ಯಾರಾದರೂ ಸಸಿ ಮಾರಿದರೆ ನಂಬಬೇಡಿ.

ಅಡೂರಿನಿಂದ:
ಮೆಣಸಿನ ಬಗ್ಗೆ ನಾನು ಹೇಳುತ್ತೇನೆ, ಕಳೆದುಕೊಂಡು ಕಲಿತವನು. ನಿಮ್ಮದು ಪಣಿಯೂರು-1 ಆಗಿದ್ದರೆ ಅದು ಸೊರಗಿಗೆ ಬೇಗ ಬಗ್ಗುತ್ತದೆ. ಕೋಯಿಕ್ಕೋಡಿನ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಶಕ್ತಿ, ತೇವಂ ತಳಿಗಳು ತಾಳಿಕೊಳ್ಳುತ್ತವೆ. ತಾಳಿಕೊಳ್ಳುತ್ತವೆ ಎಂದೆ, ಬರುವುದೇ ಇಲ್ಲ ಎನ್ನಲಿಲ್ಲ. ನೀರು ನಿಲ್ಲುವ ತಗ್ಗಿನಲ್ಲಿ ನಾನು ಬ್ರೆಜಿಲ್‌ನ ಕಾಡು ಹಿಪ್ಪಲಿಯ ಬುಡಕ್ಕೆ ಕಸಿ ಕಟ್ಟಿದ ನಲವತ್ತು ಬಳ್ಳಿ ನೆಟ್ಟೆ. ಮಳೆಗಾಲವನ್ನು ಸಲೀಸಾಗಿ ದಾಟಿದವು. ಮಾರ್ಚಿನಲ್ಲಿ ಪಂಪು ಕೆಟ್ಟು ಎರಡು ವಾರ ನೀರು ತಪ್ಪಿತು, ಹನ್ನೊಂದು ಒಣಗಿದವು. ಹಿಪ್ಪಲಿ ಬೇರಿಗೆ ಬಾಯಾರಿಕೆ ತಡೆಯುವುದಿಲ್ಲ.

ಇನ್ನೊಂದು ಹೆಡ್ಡತನವನ್ನೂ ಹೇಳಿಬಿಡುತ್ತೇನೆ. ರೋಗಾಣುವನ್ನು ತಡೆಯುವ ಟ್ರೈಕೋಡರ್ಮಾವನ್ನು ಬೇವಿನ ಹಿಂಡಿಯಲ್ಲಿ ಬೆಳೆಸಿ ಬುಡಕ್ಕೆ ಹಾಕಿದೆ, ನಾಲ್ಕೇ ದಿನದಲ್ಲಿ ಹೆದರಿಕೆಯಿಂದ ಅದೇ ಬುಡಕ್ಕೆ ಬೋರ್ಡೋ ಹೊಯ್ದೆ. ಟ್ರೈಕೋಡರ್ಮಾ ಒಳ್ಳೆಯದಾದರೂ ಶಿಲೀಂಧ್ರವೇ ತಾನೇ, ತಾಮ್ರಕ್ಕೆ ಗೆಳೆಯ ಯಾರು, ಶತ್ರು ಯಾರು ಎಂದು ತಿಳಿಯುತ್ತದೆಯೇ! ಎರಡರ ನಡುವೆ ಮೂರು ವಾರವಾದರೂ ಬಿಡಿ. ಬುಡವನ್ನು ಗುದ್ದಲಿಯಿಂದ ಕೆತ್ತಲೂ ಬೇಡಿ. ಗಾಯವಾದ ಬೇರಿನಲ್ಲಿ ರೋಗಕ್ಕೆ ಬಾಗಿಲು ತೆರೆದಂತೆ.

ವರ್ಕಾಡಿಯಿಂದ:
ನಾವು ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತೇವೆ. ಹನಿಯೇ ತಾಗದಿದ್ದರೆ ಈಜುವುದೆಲ್ಲಿ? ಕಟ್ಟಲೊಮ್ಮೆ, ಬಿಚ್ಚಲೊಮ್ಮೆ ಮರ ಹತ್ತಬೇಕು ಎಂಬುದೇ ತಾಪತ್ರಯ. ಮುನ್ನೂರು ಮರಕ್ಕೆ ಆಗದ ಮಾತು, ಮನೆಯ ಹತ್ತಿರದ ಮೂವತ್ತಕ್ಕೆ ಆದೀತು.

ಪೆರ್ಲದಿಂದ, ಕೇಳಿದವನು:
ಅಣ್ಣಾ, ಲೆಕ್ಕದ ಪುಸ್ತಕ ನೋಡಿದೆ. ಮೊದಲ ಮದ್ದು ಜೂನ್ 27. ಉದುರಿದ ಕಾಯಿಗಳನ್ನೂ ಹೆಕ್ಕದೆ ಮರದಡಿಯಲ್ಲೇ ಬಿಟ್ಟಿದ್ದೆ. ಮೇ ಕೊನೆಗೆ ಬರುವ ಮದ್ದಿನ ತಂಡ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಅಪ್ಪನ ಕತ್ತಿ ಅಟ್ಟದಲ್ಲಿ ಸಿಕ್ಕಿತು.

ಮುಳ್ಳೇರಿಯದಿಂದ, ಹಳೆಯ ತೋಟಗಾರ:
ಅಟ್ಟದಲ್ಲಿದ್ದ ಕತ್ತಿಯಲ್ಲವೇ, ಮೊದಲು ಉಜ್ಜಿ ಹೊಳಪು ಬರಿಸು. ತುಕ್ಕು ಕಂಡು ಸುಣ್ಣ ಸುರಿದೀಯೆ.