‘ನಿದ್ದಿ ಗುಳಿಗಿ’ಗೆ ಬದಲು ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಧಾರವಾಡದಲ್ಲಿ ನನ್ನದೊಂದು ಔಷಧದ ಅಂಗಡಿ ಇದೆ. ಇಲ್ಲಿನ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸಿನಲ್ಲಿ ತೋರಿಸಿಕೊಂಡವರು, ಗದಗ, ಹಾವೇರಿ ಕಡೆಯಿಂದ ಬಸ್ ಹಿಡಿದು ಬಂದವರು ಚೀಟಿ ತರುತ್ತಾರೆ. ಚೀಟಿಯಲ್ಲಿ ಏನೇ ಬರೆದಿರಲಿ, ಬಾಯಲ್ಲಿ ಬರುವುದು ಒಂದೇ ಮಾತು: ‘ನಿದ್ದಿ ಗುಳಿಗಿ ಕೊಡ್ರಿ.’ ಮನಸ್ಸಿನ ಕಾಯಿಲೆಗೆ ಕೊಡುವ ಔಷಧಕ್ಕೆಲ್ಲ ನಮ್ಮ ಕಡೆ ಇದೊಂದೇ ಹೆಸರು. ಇದಕ್ಕೆ ಬದಲು ಒಳ್ಳೆಯ ಪದ ಬೇಕು.

ಹೆಸರು ಸುಮ್ನೆ ಬಂದಿಲ್ಲ. ಕಾಯಿಲೆ ಜೋರಿದ್ದಾಗ ನಿದ್ದೆ ಕೆಟ್ಟಿರುತ್ತದೆ. ಓಲಾಂಜಪೈನ್‌ನಂಥ ಗುಳಿಗೆ ಮಂಪರು ತರುತ್ತದೆ. ಹಾಗಾಗಿ ಮನೆಯವರ ಕಣ್ಣಿಗೆ ಮೊದಲು ಬೀಳುವುದು ನಿದ್ದೆಯೇ. 1952ರಲ್ಲಿ ಪ್ಯಾರಿಸ್ಸಿನ ಡಾಕ್ಟರುಗಳು ಕ್ಲೋರ್‌ಪ್ರೊಮಜೀನ್ ಅನ್ನುವ ಹೊಸ ಔಷಧ ಕೊಟ್ಟು ನೋಡುವವರೆಗೆ, ಕೆರಳಿದ ರೋಗಿಗೆ ಕೊಡಲು ಇದ್ದದ್ದು ಬಹುಪಾಲು ಮಲಗಿಸುವ ಔಷಧಗಳೇ. ಆಗ ಈ ಹೆಸರು ಸರಿಯಾಗೇ ಇತ್ತು. ಈಗ ಇದರಿಂದ ತೊಂದರೆಯಾಗುತ್ತಿದೆ.

ಒಬ್ಬ ತಾಯಿ ಮಗನಿಗೆ ಗುಳಿಗೆ ಒಯ್ಯುತ್ತಿದ್ದರು. ಹುಡುಗನಿಗೆ ಯಾರೋ ಬೈದ ಹಾಗೆ ದನಿ ಕೇಳಿಸುತ್ತಿತ್ತು. ಅನ್ನದಲ್ಲಿ ಏನೋ ಕಲಸಿದ್ದಾರೆ ಅಂತ ತಾಟು ಸರಿಸುತ್ತಿದ್ದ. ರಿಸ್ಪೆರಿಡೋನ್ ಶುರುವಾದ ಮೇಲೆ ಸುಧಾರಿಸಿದ. ಆಮೇಲೆ ತಾಯಿ ಬರುವುದೇ ನಿಂತಿತು. ಮತ್ತೆ ಬಂದಾಗ ಹೇಳಿದ್ದು: ‘ಚಲೋ ನಿದ್ದಿ ಮಾಡಾಕ ಹತ್ತಿದ್ದಾರೀ, ಇನ್ಯಾಕ ಅಂತ ಬಿಡಿಸಿದ್ವಿ.’ ಅಷ್ಟರಲ್ಲಿ ದನಿ ತಿರುಗಿ ಶುರುವಾಗಿತ್ತು. ಆ ತಾಯಿಯ ಲೆಕ್ಕದಲ್ಲಿ ತಪ್ಪೇನಿದೆ? ನಿದ್ದೆ ಗುಳಿಗೆ ಅಂದಮೇಲೆ ನಿದ್ದೆ ಬಂದರೆ ಅದರ ಕೆಲಸ ಮುಗೀತು, ಅಲ್ವಾ?

ಆದರೆ ಆ ಗುಳಿಗೆಯ ಕೆಲಸವೇ ಬೇರೆ. ಮೆದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಬಂದು ಕೂರುವ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಅದರಿಂದ ದನಿ, ಸಂಶಯ ತಗ್ಗುತ್ತವೆ. ತಗ್ಗಿದ ಮೇಲೂ ಬಹಳ ದಿನ ಮುಂದುವರಿಸಬೇಕು, ಇಲ್ಲದಿದ್ದರೆ ಮರುಕಳಿಸಬಹುದು. ಡೋಪಮೈನ್‌ಗೆ ಅಡ್ಡ ಬಂದದ್ದರಿಂದ ಕೆಲವರಿಗೆ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ. ಅದಕ್ಕೇ ಟ್ರೈಹೆಕ್ಸಿಫೆನಿಡಿಲ್ ಜೊತೆಗೆ ಬರೆಯುವುದುಂಟು. ಇದರಲ್ಲಿ ಒಂದಾದರೂ ‘ನಿದ್ದಿ’ ಅನ್ನುವ ಪದದಲ್ಲಿ ಇದೆಯಾ?

ಪುಸ್ತಕದ ಕನ್ನಡದಲ್ಲಿ ‘ಮನೋವಿಕೃತಿ ನಿರೋಧಕ’, ‘ಖಿನ್ನತೆ ನಿವಾರಕ’ ಅನ್ನುವಂಥ ಪದಗಳಿವೆ. ಮೊದಲನೆಯದನ್ನು ಆ ತಾಯಿಯ ಮುಖ ನೋಡಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಎರಡನೆಯದು ಕೇಳಲು ಪರವಾಗಿಲ್ಲ, ಆದರೆ ಆ ಗುಂಪಿನ ಸೆರ್ಟ್ರಲಿನ್ ಅನ್ನು ವಿಪರೀತ ಭಯಕ್ಕೂ, ಕೈ ತೊಳೆದದ್ದೇ ತೊಳೆಯುವ ಗೀಳಿಗೂ ಕೊಡುತ್ತಾರೆ. ಅದೇ ಗುಂಪಿನ ಅಮಿಟ್ರಿಪ್ಟಿಲಿನ್ ಸಣ್ಣ ಡೋಸಿನಲ್ಲಿ ಅರೆತಲೆನೋವಿಗೆ ಬರುತ್ತದೆ. ತಲೆನೋವಿಗೆ ಅಂತ ಒಯ್ದವರು ಮನೆಯಲ್ಲಿ ಫೋನ್ ನೋಡಿ, ‘ನನಗ ಡಿಪ್ರೆಶನ್ ಐತೇನ್ರಿ?’ ಅಂತ ಗಾಬರಿಯಾಗಿ ಬರುತ್ತಾರೆ. ವಾಲ್ಪ್ರೊಯೇಟ್ ಫಿಟ್ಸಿಗೂ ಹೌದು, ಮನಸ್ಸು ಒಮ್ಮೆ ವಿಪರೀತ ಹಾರಿ ಒಮ್ಮೆ ಕುಸಿಯುವ ಕಾಯಿಲೆಗೂ ಹೌದು. ಇಂಗ್ಲಿಷಿನಲ್ಲೂ ಇದೇ ಗೋಳು. ಅದಕ್ಕೇ ಈಗ ಪರಿಣತರು ರೋಗದ ಹೆಸರು ಬಿಟ್ಟು, ಮೆದುಳಿನಲ್ಲಿ ಮಾಡುವ ಕೆಲಸದ ಮೇಲೆ ಹೆಸರಿಡಲು ಹೊರಟಿದ್ದಾರೆ. ಅದು ಡಾಕ್ಟರುಗಳಿಗೆ ಸರಿ, ಅಂಗಡಿಯ ಕಟ್ಟೆಯ ಮೇಲೆ ನಡೆಯುವುದಿಲ್ಲ.

ಖಿನ್ನತೆಗೆ ಬರೆದ ಗುಳಿಗೆಯಾದರೆ ನಾನು ಕವರಿನ ಮೇಲೆ ‘ಮನಸ್ಸು ಕುಗ್ಗಿದ್ದಕ್ಕೆ, ಗುಣ ಕಾಣಲು 2ರಿಂದ 4 ವಾರ ಬೇಕು’ ಅಂತ ಬರೆಯುತ್ತೇನೆ. ‘ಬೇಸರಕ್ಕೆ’ ಅಂತ ಬರೆಯಬಹುದಿತ್ತು, ಆದರೆ ಬಸ್ ತಡವಾದರೂ ನಮಗೆ ಬ್ಯಾಸರವೇ ಆಗುವುದು. ಮನಸ್ಸು ಹಾರಿ ಕುಸಿಯುವ ಕಾಯಿಲೆಗೆ ಕೊಡುವ ಲಿಥಿಯಂಗೆ ‘ಏರಿಳಿತದ ಗುಳಿಗೆ, ರಕ್ತ ಪರೀಕ್ಷೆ ತಪ್ಪಿಸಬೇಡಿ’ ಅಂತ ಹಾಕುತ್ತೇನೆ. ರಿಸ್ಪೆರಿಡೋನ್‌ಗೆ ಮಾತ್ರ ಪದ ಸಿಗುತ್ತಿಲ್ಲ. ‘ದನಿ, ಸಂಶಯಕ್ಕೆ’ ಅಂತ ಬರೆದರೆ ಅರ್ಥವೇನೋ ಆಗುತ್ತದೆ, ಆದರೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಆ ಕವರನ್ನು ಅತ್ತೆ ಮನೆಯ ಮಾಡದಲ್ಲಿ ಹೇಗೆ ಇಡಬೇಕು? ‘ನಿದ್ದಿ ಗುಳಿಗಿ’ ಅನ್ನುವ ಹೆಸರು ಇಷ್ಟು ದಿನ ಅಂಥವರ ಮಾನ ಕಾಯ್ದಿದೆ. ಹೊಸ ಪದವೂ ಅಷ್ಟನ್ನಾದರೂ ಮಾಡಬೇಕು.

ಇನ್ನೊಂದು ಪದ ‘ಚಟ’. ‘ಇದು ಚಟಾ ಹತ್ತತೈತೇನ್ರಿ?’ ಅಂತ ಕೇಳದವರೇ ಕಡಿಮೆ. ಗಾಬರಿ ಇಳಿಸಲು ಕೊಡುವ ಅಲ್ಪ್ರಜೊಲಾಮ್, ಕ್ಲೊನಜೆಪಾಮ್ ಬಹಳ ದಿನ ತಗೊಂಡರೆ ಆ ಭಯ ನಿಜ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಸೆರ್ಟ್ರಲಿನ್ ಥಟ್ಟನೆ ಬಿಟ್ಟರೂ ಕೆಲವರಿಗೆ ತಲೆ ತಿರುಗುತ್ತದೆ, ಕಿರಿಕಿರಿಯಾಗುತ್ತದೆ, ಆದರೆ ಇನ್ನಷ್ಟು ಬೇಕು ಅನ್ನುವ ಹಪಹಪಿ ಅದರಲ್ಲಿಲ್ಲ. ಎರಡನ್ನೂ ‘ಚಟ’ ಅಂದುಬಿಟ್ಟರೆ ಜನ ಬೇಕಾದ ಗುಳಿಗೆಯನ್ನೇ ಮುಟ್ಟುವುದಿಲ್ಲ. ಸೆರ್ಟ್ರಲಿನ್‌ನಂಥದ್ದಕ್ಕೆ ನಾನು ‘ಮೈ ಒಗ್ಗಿದೆ, ಡಾಕ್ಟರನ್ನು ಕೇಳಿ ಮೆಲ್ಲಗೆ ಇಳಿಸಬೇಕು’ ಅನ್ನುತ್ತೇನೆ. ‘ಒಗ್ಗು’ ಇಲ್ಲಿ ಸರಿ ಹೋಗುತ್ತದಾ, ಅಥವಾ ‘ರೂಢಿ’ ವಾಸಿಯಾ?

ಮೈಸೂರು, ಮಂಗಳೂರು ಕಡೆಯವರು ನಿಮ್ಮ ಊರಿನ ಮಾತು ತಿಳಿಸಿ. ಹಳ್ಳಿಯ ಅಜ್ಜಿಯರು ಏನನ್ನುತ್ತಾರೆ ಅನ್ನುವುದೂ ಬೇಕು. ಕವರಿನ ಮೇಲೆ ಎರಡು ಸಾಲಿನಷ್ಟೇ ಜಾಗ ಇರುತ್ತದೆ, ಹಾಗಾಗಿ ಚಿಕ್ಕ ಪದವಾದರೆ ಒಳ್ಳೆಯದು.