ತೋಟದ ಕೆಲಸಕ್ಕೆ ಈ ಹಳೇ ಜೀಪು ತಗೋಬಹುದಾ?

ಪ್ರಶ್ನೆ (ಕಾಫಿ ಬೆಳೆಗಾರರು, ಮೂಡಿಗೆರೆ ಕಡೆ):
ನಮಸ್ಕಾರ ಅಣ್ಣ. ಹಾಸನದಲ್ಲಿ ಒಂದು ಹಳೇ ಜೀಪು ಮಾರಾಟಕ್ಕಿದೆ. ಪೂರ್ತಿ ಬಿಚ್ಚಿ, ಟಿಂಕರಿಂಗ್ ಮಾಡಿಸಿ, ಮಿಲಿಟರಿ ಹಸಿರು ಬಣ್ಣ ಹೊಡೆಸಿದ್ದಾರೆ. ಎರಡನೇ ಮಹಾಯುದ್ಧದ ಕಾಲದ, 1942ರ ಅಮೆರಿಕದ ವಿಲ್ಲೀಸ್ ಜೀಪು ಅಂತ ಹೇಳುತ್ತಾರೆ. ಆದರೆ ಆರ್‌ಸಿಯಲ್ಲಿ 1968 ಅಂತ ಇದೆ, ಪೆಟ್ರೋಲ್ ಅಂತ ಇದೆ. ಬಾನೆಟ್ ಎತ್ತಿದರೆ ಒಳಗಿರುವುದು ಡೀಸೆಲ್ ಇಂಜಿನ್. ಮಹೀಂದ್ರಾದ ಎಂಎಂ 540 ಜೀಪಿನದ್ದಂತೆ. ಕೇಳಿದ್ದಕ್ಕೆ, "ವಿಂಟೇಜ್ ನಂಬರ್ ಮಾಡಿಸಿಕೊಳ್ಳಿ, ಏನೂ ತೊಂದರೆ ಇಲ್ಲ" ಅಂದರು. ನನಗೆ ಬೇಕಿರುವುದು ಗೊಬ್ಬರ ಹೊರೋಕೆ, ಮಳೆಗಾಲದಲ್ಲಿ ಮೇಲಿನ ತೋಟಕ್ಕೆ ಹತ್ತೋಕೆ, ಆಗಾಗ ಪೇಟೆಗೆ ಹೋಗೋಕೆ. ಫೋಟೋ ಹಾಕಿದ್ದೇನೆ. ತಗೋಬಹುದಾ?

ಉತ್ತರ (ಜೀಪು ಮೆಕ್ಯಾನಿಕ್, ಹಾಸನ):
ಸಾರ್, ಫೋಟೋ ನೋಡಿದೆ. ಇದು ಯುದ್ಧದ ಜೀಪಲ್ಲ. ಆ ವಿಲ್ಲೀಸ್ ಎಂಬಿ ಜೀಪಿನ ಗ್ರಿಲ್‌ನಲ್ಲಿ ಒಂಬತ್ತು ಸೀಳು ಇರುತ್ತವೆ, ಹೆಡ್‌ಲೈಟು ಚಿಕ್ಕದು, ಗ್ರಿಲ್‌ನ ಒಳಕ್ಕೆ ಕೂತಿರುತ್ತದೆ. ನಿಮ್ಮ ಫೋಟೋದಲ್ಲಿ ಏಳೇ ಸೀಳು. ಬಾನೆಟ್ಟೂ ಎತ್ತರ. ಇದು ಸಿಜೆ-3ಬಿ ಅನ್ನೋ ಬೇರೆ ಮಾದರಿ. ವಿಲ್ಲೀಸ್‌ನವರು ಅಮೆರಿಕದಲ್ಲಿ ಇದನ್ನು ತಂದಿದ್ದೇ 1953ರಲ್ಲಿ. ಹರಿಕೇನ್ ಅನ್ನೋ 2.2 ಲೀಟರ್ ಪೆಟ್ರೋಲ್ ಇಂಜಿನ್ ಹಳೆಯದಕ್ಕಿಂತ ಎತ್ತರ ಜಾಸ್ತಿ ಇತ್ತು, ಅದು ಕೂರಲಿ ಅಂತಲೇ ಬಾನೆಟ್ ಎತ್ತರಿಸಿದರು. ಆಮೇಲೆ ನಮ್ಮಲ್ಲಿ ಮಹೀಂದ್ರಾದವರು ಇದನ್ನೇ ವರ್ಷಾನುಗಟ್ಟಲೆ ತಯಾರಿಸಿದರು. ಹಾಗಂತ ಇದೇನು ಕಮ್ಮಿ ಗಾಡಿಯಲ್ಲ. ನಮ್ಮ ಕಡೆ ತೋಟಗಳಲ್ಲಿ ಇಂಥ ಜೀಪು ಎಷ್ಟು ದುಡಿದಿದೆ ಅಂತ ನಿಮಗೇ ಗೊತ್ತು. ಯುದ್ಧದ ಜೀಪಿನ ಬೆಲೆ ಮಾತ್ರ ಕೊಡಬೇಡಿ.

ವಿಂಟೇಜ್ ನಂಬರ್, ಅಂದರೆ ತುಂಬ ಹಳೇ ಗಾಡಿಗೆ ಕೊಡೋ ಪ್ರತ್ಯೇಕ ನೋಂದಣಿ, ಅದರ ವಿಷಯ. ಕೇಂದ್ರದವರು 2021ರಲ್ಲಿ ಅದಕ್ಕೆ ನಿಯಮ ತಂದರು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಅದು ನಿಮ್ಮದಕ್ಕೆ ಆಗಿದೆ. ಆದರೆ ಚಾಸಿ (ಅಡಿಯ ಕಬ್ಬಿಣದ ಚೌಕಟ್ಟು), ಬಾಡಿ, ಇಂಜಿನ್ ಮೂಲದಲ್ಲಿ ಇದ್ದಂತೆಯೇ ಇರಬೇಕು. ಇದರಲ್ಲಿ ಇಂಜಿನ್ನೇ ಬೇರೆ. ಒಂದು ವೇಳೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಆ ನಂಬರಿನ ಗಾಡಿಯನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ಎಣ್ಣೆ ಹಾಕಿಸೋದು, ರಿಪೇರಿ, ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ಗೊಬ್ಬರದ ಮೂಟೆ ಹೇರಿಕೊಂಡು ಮೂಡಿಗೆರೆ ಪೇಟೆಗೆ ಹೋಗೋ ಹಾಗಿಲ್ಲ. ನಿಮ್ಮ ಕೆಲಸಕ್ಕೆ ಅದು ಬೇಡವೇ ಬೇಡ.

ನಿಮಗೆ ಬೇಕಿರುವುದು ಮಾಮೂಲಿ ಆರ್‌ಸಿ. ಖಾಸಗಿ ಗಾಡಿಗೆ 15 ವರ್ಷ ಆದಮೇಲೆ ಐದೈದು ವರ್ಷಕ್ಕೆ ನವೀಕರಣ. ಸದ್ಯ ಯಾವ ತಾರೀಖಿನವರೆಗೆ ಇದೆ ನೋಡಿ. ಮುಖ್ಯವಾದದ್ದು ಇಂಜಿನ್. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಇಂಜಿನ್ ಬದಲಿಸೋಕೆ ಮೊದಲೇ ಆರ್‌ಟಿಓ ಅನುಮತಿ ಬೇಕು, ಬದಲಿಸಿದ್ದು ಆರ್‌ಸಿಯಲ್ಲಿ ಬರಬೇಕು. ಈಗಿರೋ ಹಾಗೆ ನೀವು ತಗೊಂಡರೆ ನವೀಕರಣದ ದಿನ ಇನ್‌ಸ್ಪೆಕ್ಟರ್ ಎದುರು ನಿಲ್ಲೋದು ನೀವು. ಅಪಘಾತವಾದರೆ ಇನ್ಶೂರೆನ್ಸ್‌ನವರೂ ಇದನ್ನೇ ಹಿಡಿಯುತ್ತಾರೆ. ಇಂಜಿನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 540ರ ಪೂಜೋ ಡೀಸೆಲ್ ಏರು ಹತ್ತೋಕೆ ಚೆನ್ನಾಗಿದೆ. ಕಾಗದ ಸರಿಯಿಲ್ಲ, ಅಷ್ಟೇ.

ಪ್ರಶ್ನೆ (ಅದೇ ಬೆಳೆಗಾರರು):
ಮಾರುವವರೇ ಆರ್‌ಸಿ ಸರಿ ಮಾಡಿಸಿಕೊಟ್ಟರೆ? ಗಾಡಿಯಲ್ಲಿ ಏನು ನೋಡಬೇಕು?

ಉತ್ತರ:
ಬಣ್ಣ ಬಿಟ್ಟು ಅಡಿಗೆ ಹೋಗಿ ಸಾರ್. ನಮ್ಮ ಮಳೆಯಲ್ಲಿ ಜೀಪು ಸಾಯೋದು ಚಾಸಿಯಿಂದ. ಹಿಂದಿನ ಅಡ್ಡ ಮೆಂಬರು, ಕಮಾನು ಪಟ್ಟಿ ಕೂರೋ ಜಾಗ, ಬಾಡಿ ಬೋಲ್ಟಿನ ಸುತ್ತ, ಇಲ್ಲೆಲ್ಲ ಕೆಸರು ನಿಂತು ಒಳಗಿಂದಲೇ ತುಕ್ಕು ತಿನ್ನುತ್ತದೆ. ಚಿಕ್ಕ ಸುತ್ತಿಗೆಯಲ್ಲಿ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತುಕ್ಕು ತಿಂದದ್ದು ದಬ್ ಅನ್ನುತ್ತದೆ. ಅಡಿಗೆ ಹೊಸದಾಗಿ ಕಪ್ಪು ಬಳಿದಿದ್ದರೆ ಇನ್ನೂ ಜೋರಾಗಿ ತಟ್ಟಿ. ಬಾಡಿಗೆ ಆಯಸ್ಕಾಂತ ಹಿಡಿಯಿರಿ. ಹಿಡಿಯದ ಕಡೆ ತಗಡಿಲ್ಲ, ಪುಟ್ಟಿ ಇದೆ. ಡೀಸೆಲ್ ಇಂಜಿನ್ ಅದುರೋದು ಜಾಸ್ತಿ, ಹಾಗಾಗಿ ಮೌಂಟಿಂಗ್ ಬೆಸುಗೆ ಬಿಟ್ಟಿದೆಯಾ, ಅದರ ಸುತ್ತ ಚಾಸಿ ಸೀಳಿದೆಯಾ ನೋಡಿ.

ಫೋರ್ ವೀಲನ್ನು, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಡೋದನ್ನು, ಟಾರು ರಸ್ತೆಯಲ್ಲಿ ಪರೀಕ್ಷೆ ಮಾಡಬೇಡಿ. ಮುಂದಿನ, ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ ಇಲ್ಲ, ಅಂದರೆ ಅವು ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರ್ ಇಲ್ಲ. ತಿರುವಿನಲ್ಲಿ ಬಿಗಿದು ಗೇರಿಗೆ ಪೆಟ್ಟು. ಮಣ್ಣಿನ ಇಳಿಜಾರಿಗೆ ಒಯ್ಯಿರಿ. ಫೋರ್ ವೀಲ್ ಲೋ, ಅಂದರೆ ನಿಧಾನದ ಗೇರ್, ಹಾಕಿ, ಆಕ್ಸಿಲೇಟರ್ ಬಿಟ್ಟು ಇಳಿಸಿ. ಲಿವರ್ ತಾನಾಗೇ ನ್ಯೂಟ್ರಲ್‌ಗೆ ಹಾರಿದರೆ ಗೇರ್ ಸವೆದಿದೆ. ಮಳೆಗಾಲದಲ್ಲಿ ಲೋಡ್ ಇಟ್ಟುಕೊಂಡು ಇಳಿಯುವಾಗ ಅದು ಹಾರಿದರೆ ಪ್ರಾಣಕ್ಕೇ ಕುತ್ತು. ಈ ಒಂದು ಪರೀಕ್ಷೆ ಮಾಡದೆ ಯಾರೂ ಹಳೇ ಜೀಪು ತಗೋಬಾರದು.

ಇನ್ನೊಬ್ಬರು (ಸಕಲೇಶಪುರ):
ನಮ್ಮ ಮನೆಯಲ್ಲೂ ಇಂಥದ್ದೇ ಒಂದಿದೆ. ಹಳ್ಳ ದಾಟಿದ ಮೇಲೆ ಬ್ರೇಕ್ ಹಿಡಿಯೋದೇ ಇಲ್ಲ ಅಣ್ಣ. ಹ್ಯಾಂಡ್ ಬ್ರೇಕ್ ನಂಬಬಹುದಾ?

ಉತ್ತರ:
ನಾಲ್ಕೂ ಡ್ರಮ್ ಅಲ್ವಾ, ನೀರು ಹೊಕ್ಕಿರುತ್ತದೆ. ಹಳ್ಳ ದಾಟಿದ ಕೂಡಲೇ ಪೆಡಲ್ ಸ್ವಲ್ಪ ಒತ್ತಿಕೊಂಡೇ ನಿಧಾನಕ್ಕೆ ಓಡಿಸಿ, ಒಣಗುತ್ತದೆ. ಬ್ರೇಕ್ ಎಣ್ಣೆ ತಳ್ಳೋ ಮಾಸ್ಟರ್ ಸಿಲಿಂಡರ್ ಮೂಲದ್ದೇ ಆದರೆ ಒಂದೇ ಲೈನು. ಎಲ್ಲಿ ಪೈಪ್ ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಹಾಗಾಗಿ ಪೈಪುಗಳನ್ನು ಮಳೆಗೆ ಮುಂಚೆ ನೋಡಿಸಿ. ಹಳೇ ವಿಲ್ಲೀಸ್ ಹ್ಯಾಂಡ್ ಬ್ರೇಕ್, ಮುಂದಿನ ಹಿಂದಿನ ಚಕ್ರಕ್ಕೆ ಬಲ ಹಂಚೋ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಹಿಂದಿನ ಶಾಫ್ಟಿನ ಮೇಲೆ ಇರುತ್ತದೆ. ಶಾಫ್ಟಿನ ಕ್ರಾಸ್ (ಜಾಯಿಂಟ್) ಕಿತ್ತರೆ ಅದೂ ಇಲ್ಲ. ಏರಿನಲ್ಲಿ ನಿಲ್ಲಿಸಿದಾಗ ಚಕ್ರಕ್ಕೆ ಕಲ್ಲು ಕೊಡಿ.

ಪ್ರಶ್ನೆ (ಮೊದಲ ಬೆಳೆಗಾರರು):
ತುಂಬಾ ಉಪಕಾರ ಆಯ್ತು ಅಣ್ಣ. ಅಡ್ವಾನ್ಸ್ ಕೇಳುತ್ತಿದ್ದಾರೆ, ಕೊಡಲಾ?

ಉತ್ತರ:
ಆರ್‌ಸಿಯಲ್ಲಿ ಡೀಸೆಲ್ ಅಂತ, ಈಗಿರೋ ಇಂಜಿನ್ ನಂಬರ್ ಬರೋವರೆಗೆ ಒಂದು ರೂಪಾಯಿಯೂ ಬೇಡ. ಆಮೇಲೆ ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿ ದುಡ್ಡು ಕೊಡಿ. ಅಷ್ಟರೊಳಗೆ ಚಾಸಿಯ ಮೇಲೆ ಕೊರೆದಿರೋ ನಂಬರನ್ನು ಪೇಂಟ್ ಕೆರೆದು, ಹತ್ತಿರದಿಂದ ಫೋಟೋ ತೆಗೆದು ನನಗೆ ಮೆಸೇಜ್ ಮಾಡಿ. ಮತ್ತೆ ಕೊರೆದಂತೆ ಕಂಡರೆ ಹೇಳುತ್ತೇನೆ. ಇಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಬೇಡಿ.